ಕನ್ನಡಿಯಂಥ ಅಲಗು

ಬಲಗಾಲು ಮತ್ತೆ ಜಾರಿತು.

ಮೊದಲ ಸಲ ಜಾರಿದಾಗ ಅವಳು ತನ್ನ ಮಂಡಿಯನ್ನೇ ಬೈದುಕೊಂಡಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತೂ ನಿಂತೂ ಸವೆದ ಮಂಡಿ. ಯಾವ ತಪ್ಪು ಹೊರಿಸಿದರೂ ತುಟಿಪಿಟಕ್ಕೆನ್ನದೆ ಹೊತ್ತುಕೊಳ್ಳುತ್ತಿತ್ತು. ಈ ಸಲ ಮಾತ್ರ ಮಂಡಿ ಸರಿಯಾಗಿಯೇ ಬಾಗಿತ್ತು, ಬೆನ್ನು ನೆಟ್ಟಗಿತ್ತು. ಆದರೂ ಐಸನ್ನು ಒತ್ತಿ ಮೈಯನ್ನು ಮುಂದಕ್ಕೆ ತಳ್ಳಬೇಕಾದ ಪಾದ, ಸೋಪಿನ ನೀರು ಚೆಲ್ಲಿದ ನೆಲದ ಮೇಲೆ ಇಟ್ಟಂತೆ ಸರ್ರನೆ ಪಕ್ಕಕ್ಕೆ ಹೋಯಿತು. ಅವಳು ಐಸ್ ಸ್ಕೇಟಿಂಗ್ ರಿಂಕಿನ ಸುತ್ತಲಿನ ಮೋಟುಗೋಡೆ ಹಿಡಿದು ನಿಂತಳು.

ಆಚೆ ಬದಿಯಲ್ಲಿ ಮೂವರು ಪರೀಕ್ಷಕರು ಮಂಡಿಯ ಮೇಲೆ ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಏನನ್ನೋ ಬಗ್ಗಿಸಿಕೊಳ್ಳುತ್ತಿದ್ದರು. ಮೈ ಬಿಸಿ ಮಾಡಿಕೊಳ್ಳಲು ಕೊಟ್ಟ ಸಮಯ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಗೋಡೆಗೆ ಒರಗಿ ಬಲಗಾಲನ್ನು ಎತ್ತಿ, ಸ್ಕೇಟಿನ ಅಲಗಿನ ಮೇಲೆ ಅಡ್ಡಡ್ಡ ಹೆಬ್ಬೆರಳಿನ ಉಗುರು ಆಡಿಸಿದಳು.

ಸ್ಕೇಟಿನ ಅಲಗು ದೂರದಿಂದ ನೋಡುವವರಿಗೆ ಒಂದೇ ಗೆರೆ. ಮುಟ್ಟಿ ನೋಡಿದರೆ ಅದಕ್ಕೆ ಎರಡು ಅಂಚು, ನಡುವೆ ಉದ್ದಕ್ಕೂ ಒಂದು ಸಣ್ಣ ತಗ್ಗು. ಆ ತಗ್ಗು ಇರುವುದರಿಂದಲೇ ಎರಡು ಅಂಚುಗಳೂ ಬೆಕ್ಕಿನ ಉಗುರಿನ ಹಾಗೆ ಐಸನ್ನು ಕಚ್ಚಿ ಹಿಡಿಯುತ್ತವೆ. ಈಗ ಅವಳ ಉಗುರು ಈ ಬದಿಯಿಂದ ಆ ಬದಿಗೆ ಎಲ್ಲೂ ತಡೆಯದೆ ಹೋಯಿತು. ಗಾಜಿನ ಮೇಲೆ ಹೋದಂತೆ. ಚಾವಣಿಯ ಟ್ಯೂಬ್‌ಲೈಟು ಅಲಗಿನೊಳಗೆ ಉದ್ದಕ್ಕೆ ಮಲಗಿತ್ತು. ಎಡಗಾಲಿನದೂ ಹಾಗೆಯೇ.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಗಂಡ ಶೂಗಳನ್ನು ತನ್ನ ಹಳದಿ ಒರೆಸುಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. "ನಿನ್ನೆ ವರ್ಕ್‌ಶಾಪಿಗೆ ತಗೊಂಡು ಹೋಗಿದ್ದೆ. ಕನ್ನಡಿ ಥರ ಮಾಡಿದೀನಿ, ಬೇಕಾದ್ರೆ ತಲೆ ಬಾಚ್ಕೋ," ಎಂದಿದ್ದ. ಅವಳು ಮಗಳ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಾ, ಒಲೆ ಆರಿಸುತ್ತಾ, ಕಾಣೆಯಾದ ಒಂದು ಕಾಲುಚೀಲ ಹುಡುಕುತ್ತಾ "ಹೂಂ" ಅಂದಿದ್ದಳು. ಬಿಚ್ಚಿ ನೋಡಿರಲಿಲ್ಲ.

ಅವನ ಕೆಲಸವೇ ಸಾಣೆ. ಛಾಪಖಾನೆಗಳ ಕಾಗದ ಕತ್ತರಿಸುವ ಯಂತ್ರದ ಅಲಗುಗಳು, ತೋಳುದ್ದದವು, ದೂರದೂರದಿಂದ ಅವನ ಕೈಗೇ ಬರುತ್ತಿದ್ದವು. ಅಲಗಿನಲ್ಲಿ ಕೂದಲೆಳೆಯಷ್ಟು ತಗ್ಗು ಉಳಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ಈ ಹುಚ್ಚಿಗೆ ಬಿದ್ದದ್ದು ಮಗಳ ದೆಸೆಯಿಂದ. ಮಗಳನ್ನು ಕ್ಲಾಸಿಗೆ ಕರೆತಂದು ಬೆಂಚಿನ ಮೇಲೆ ಶಾಲು ಹೊದ್ದು ನಡುಗುತ್ತಾ ಕೂರುತ್ತಿದ್ದಳು. ಒಂದು ದಿನ ಕೋಚ್ ಹುಡುಗಿ, "ಅಕ್ಕಾ, ಅಲ್ಲಿ ಕೂತು ನಡುಗೋ ಬದಲು ಇಲ್ಲಿ ಬಂದು ನಡುಗಿ, ಎರಡೂ ಒಂದೇ," ಎಂದಳು. ಮಗಳು ಒಂದು ವರ್ಷಕ್ಕೆ ಬೇಜಾರಾಗಿ ಬಿಟ್ಟಳು. ತಾಯಿ ಬಿಡಲಿಲ್ಲ. ವಾರಕ್ಕೊಂದು ಗಂಟೆ ಯಾರ ಬೆಡ್‌ಶೀಟೂ ಇಲ್ಲ, ಯಾರ ಡಬ್ಬಿಯೂ ಇಲ್ಲ. ಕಿವಿಯಲ್ಲಿ ಐಸು ಕೆರೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಷ್ಟು ಸಾಕಾಗಿತ್ತು. ಆದರೆ ಮುಂದಿನ ತಿಂಗಳಿನಿಂದ ಕಲಿಯುವ ದೊಡ್ಡವರ ಆ ಗಂಟೆಯನ್ನು ಮಕ್ಕಳ ಐಸ್‌ಹಾಕಿ ತಂಡಕ್ಕೆ ಕೊಡುತ್ತಾರಂತೆ. ಮೊದಲ ಪರೀಕ್ಷೆ ಪಾಸಾದವರು ಬೆಳಗಿನ ಗುಂಪಿಗೆ ಸೇರಬಹುದು. ಉಳಿದವರಿಗೆ ಭಾನುವಾರದ ಜಾತ್ರೆಯಂಥ ನೂಕುನುಗ್ಗಲು. ಭಾನುವಾರ ಅವಳಿಗೆ ಲಾಂಡ್ರಿಯಲ್ಲಿ ಪಾಳಿ.

"ಹೆಂಗಿದೆ?"

ಗಂಡ ಮೆಟ್ಟಿಲಿಳಿದು ಮೋಟುಗೋಡೆಯ ಹತ್ತಿರ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ವರ್ಕ್‌ಶಾಪಿನ ಜಾಕೆಟ್ಟು. ಇಷ್ಟು ದಿನಗಳಲ್ಲಿ ಅವನು ಇಲ್ಲಿಗೆ ಬಂದದ್ದು ಇದೇ ಮೊದಲು. ಅದಕ್ಕಾಗಿ ರಜೆ ಹಾಕಿದ್ದ.

"ಏನು?"

"ಅಲಗು ಕಣೇ!"

"ಚೆನ್ನಾಗಿದೆ ರೀ. ಹೊಳೀತಿದೆ."

"ಹೊಳಪು ಬಿಡು, ಹೊಳಪು ಯಾರು ಬೇಕಾದ್ರೂ ತರ್ತಾರೆ. ಕೆಲಸ ನೋಡು, ಕೆಲಸ." ಅವನು ಗೋಡೆಯ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದ. "ಮಧ್ಯದಲ್ಲಿ ಪೂರ್ತಿ ಸವೆದು ತಗ್ಗು ಬಿದ್ದಿತ್ತು ಮಾರಾಯ್ತಿ. ಈ ತುದಿಯಿಂದ ಆ ತುದಿವರೆಗೂ! ಅಂಥದ್ರಲ್ಲಿ ಇಷ್ಟು ದಿನ ಆಡಿದೀಯಲ್ಲ, ನೀನು ಬೀಳದೆ ಇನ್ನೇನಾಗ್ತಿತ್ತು? ಅವತ್ತು ಕೈ ಉಳುಕಿದ್ದೂ ಅದಕ್ಕೇ. ನಿಂದೇನೂ ತಪ್ಪಿಲ್ಲ. ನಾನೇ ಸುಮ್ನೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

ಅವಳು ಗೋಡೆಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದಳು.

ಎರಡು ತಿಂಗಳ ಹಿಂದೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡು ಮನೆಗೆ ಹೋದ ದಿನ ಅವನು ರೌದ್ರಾವತಾರ ತಾಳಿದ್ದ. "ಮುದುಕಿಯಾಗೋ ಹೊತ್ತಿಗೆ ಜಾರುಬಂಡಿ ಆಟ! ಕೈಕಾಲು ಮುರ್ಕೊಂಡು ಕೂತ್ರೆ ಯಾರು ಮಾಡೋರು ನಿನ್ನ ಚಾಕರಿ?" ಆಮೇಲೆ ಬಹಳ ದಿನ ಇಬ್ಬರೂ ಮಗಳ ಮೂಲಕವೇ ಮಾತಾಡಿದ್ದರು. "ಅಪ್ಪಂಗೆ ಹೇಳು ಗ್ಯಾಸ್ ಮುಗೀತು ಅಂತ." "ಅಮ್ಮಂಗೆ ಹೇಳು, ನಂಗೂ ಮೂಗಿದೆ, ಗೊತ್ತಾಯ್ತು ಅಂತ." ಕೊನೆಗೆ ಮಗಳೇ, "ನಾನೇನು ಪೋಸ್ಟ್‌ಮ್ಯಾನಾ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮಾತು ತಾನಾಗಿ ಮತ್ತೆ ಶುರುವಾಯಿತು, ಶುರುವಾಗದೆ ಎಲ್ಲಿಗೆ ಹೋಗುತ್ತದೆ. ಆದರೆ ಆ ದಿನದ ಮಾತನ್ನು ಇಬ್ಬರೂ ಸುತ್ತಿ ಬಳಸಿಯೇ ಓಡಾಡುತ್ತಿದ್ದರು, ಹಜಾರದ ನಡುವೆ ಯಾರೋ ಇಟ್ಟುಹೋದ ಕುರ್ಚಿಯ ಹಾಗೆ.

"ಹೋಗಿ ಕೂತ್ಕೊಳ್ಳಿ, ಇಲ್ಲಿ ಥಂಡಿ," ಎಂದಳು.

"ನಿನ್ನ ಮಗಳು ಹೇಳಿ ಕಳ್ಸಿದಾಳೆ. ಅಮ್ಮ ಬಿದ್ರೆ ವಿಡಿಯೋ ಮಾಡ್ಕೊಂಡು ಬಾ ಅಂತ." ಅವನು ನಕ್ಕು ಮೆಟ್ಟಿಲು ಹತ್ತಿದ.

ಅವನು ಬೆನ್ನು ತಿರುಗಿಸಿದ್ದೇ ತಡ, ಕೋಚ್ ಹುಡುಗಿ ಜಾರಿಕೊಂಡು ಬಂದಳು. ದೂರದಿಂದ ಎಲ್ಲವನ್ನೂ ನೋಡಿದ್ದಳು. "ಏನಕ್ಕಾ ಇದು, ಬಾಳೆಹಣ್ಣಿನ ಸಿಪ್ಪೆ ಮೇಲೆ ನಡೆದಂಗೆ ನಡೀತಿದೀರಾ?" ಎಂದು ಮಂಡಿಯೂರಿ ಅವಳ ಶೂ ಎತ್ತಿ, ಬೆರಳಿಟ್ಟು, ಬಾಯಿ ತೆರೆದಳು. ಆ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಹುಡುಗಿಯ ಭುಜ ಒತ್ತಿದಳು.

"ಮೆಲ್ಲಗೆ ಮೇಡಂ."

"ಯಾರಕ್ಕಾ ಮಾಡಿದ್ದು? ಎರಡೂ ಅಂಚು ಹೋಗಿದೆ! ಇದ್ರಲ್ಲಿ ಸೂಪ್ ಕಲಕಬಹುದು ಅಷ್ಟೇ."

ಅವಳು ಗ್ಯಾಲರಿಯ ಕಡೆ ಕಣ್ಣು ಹಾಯಿಸಿದಳು. ಹುಡುಗಿಯೂ ನೋಡಿದಳು. ಅಲ್ಲಿ ಅವನು ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕೂತ ಮೇಷ್ಟ್ರ ಹತ್ತಿರ ಕೈ ಆಡಿಸುತ್ತಾ ಏನೋ ವಿವರಿಸುತ್ತಿದ್ದ. ಮೇಷ್ಟ್ರು ಅವಳ ಕ್ಲಾಸಿನವರು, ನಿವೃತ್ತ ಗಣಿತ ಶಿಕ್ಷಕರು, ಆಗಷ್ಟೇ ಪರೀಕ್ಷೆ ಮುಗಿಸಿ ಫೇಲಾಗಿ ಹೋಗಿ ಕೂತಿದ್ದರು. "ಜೀವಮಾನವೆಲ್ಲಾ ಮಕ್ಕಳನ್ನ ಫೇಲ್ ಮಾಡಿದೆ, ಈಗ ಬಡ್ಡಿ ಸಮೇತ ವಾಪಸ್ ಬರ್ತಿದೆ," ಎನ್ನುತ್ತಾ ಎದುರು ಸಿಕ್ಕಿದವರನ್ನೆಲ್ಲ ನಗಿಸಿದ್ದರು.

"ಬಾಡಿಗೆ ಶೂ ಹಾಕ್ಕೊಳ್ಳಿ," ಹುಡುಗಿ ಪಿಸುಗುಟ್ಟಿದಳು. "ನಿಮ್ಮ ಸೈಜ್ ಇದೆ, ಓಡಿ ಹೋಗಿ ತರ್ತೀನಿ. ಸಡಿಲ ಇರುತ್ತೆ, ಆದ್ರೆ ಅಂಚಾದ್ರೂ ಇದೆ. ಈಗ ಬಿಟ್ರೆ ಇನ್ನು ಆರು ತಿಂಗಳು ಪರೀಕ್ಷೆ ಇಲ್ಲ. ನಿಮಗೆ ಕ್ಲಾಸೂ ಇರಲ್ಲ."

ಅವಳಿಗೆ ಅದು ಕಣ್ಣಿಗೆ ಕಟ್ಟಿತು. ತಾನು ಬೆಂಚಿನ ಮೇಲೆ ಕೂತು ಲೇಸು ಬಿಚ್ಚುವುದು. ಯಾರೋ ಸಾವಿರ ಜನ ಹಾಕಿ ಬಿಟ್ಟ ನೀಲಿ ಶೂ ಏರಿಸಿಕೊಳ್ಳುವುದು. ಕನ್ನಡಿಯಂಥ ಈ ಜೋಡಿ ಪಕ್ಕದಲ್ಲಿ ಖಾಲಿ ನಿಂತಿರುವುದು. ಮೇಲೆ ಮಾತಾಡುತ್ತಿದ್ದ ಗಂಡನ ಕೈ ಅರ್ಧಕ್ಕೇ ನಿಲ್ಲುವುದು.

"ಬೇಡ ಮೇಡಂ. ಇದರಲ್ಲೇ ಹೋಗ್ತೀನಿ."

"ಅಕ್ಕಾ..."

"ಹೆಂಗೆ ಹೋಗ್ಬೇಕು ಅಷ್ಟು ಹೇಳಿ."

ಹುಡುಗಿ ಮೂಗಿನಲ್ಲಿ ಉಸಿರು ಬಿಟ್ಟಳು. "ವಾಲಬೇಡಿ. ಭಾರ ನೇರ ಇಡಿ. ಜೋರಾಗಿ ತಳ್ಳಬೇಡಿ. ದೇವರಿದಾನೆ."

ಹೆಸರು ಕೂಗಿದರು.

ಮೊದಲನೆಯದು ರಿಂಕಿನ ಸುತ್ತ ಎರಡೂ ದಿಕ್ಕಿಗೆ ಒಂದೊಂದು ಸುತ್ತು. ತಳ್ಳಿದಾಗಲೆಲ್ಲ ಕಾಲು ಕೈಬಿಡುತ್ತಿತ್ತು. ಅವಳು ತಳ್ಳುವುದನ್ನೇ ಕಡಿಮೆ ಮಾಡಿದಳು. ಲಾಂಡ್ರಿಯ ಒದ್ದೆ ನೆಲದ ಮೇಲೆ ಹಸಿ ಬಟ್ಟೆಯ ಹೊರೆ ಹೊತ್ತು ನಡೆಯುವಾಗ ಹೆಜ್ಜೆ ಹೇಗೆ ತಾನಾಗಿ ಚಿಕ್ಕದಾಗುತ್ತದೋ, ಸೊಂಟ ಹೇಗೆ ಕದಲದೆ ನಿಲ್ಲುತ್ತದೋ, ಹಾಗೆ ಹೋದಳು. ನಿಧಾನ, ಆದರೆ ಬೀಳಲಿಲ್ಲ. ಎರಡನೆಯದು ಎರಡು ಕಾಲ ಮೇಲೆ ನಿಂತು ಗಿರಕಿ. ಮೊಂಡಾದ ಅಲಗು ಅದಕ್ಕೆ ಹೇಳಿಮಾಡಿಸಿದಂತಿತ್ತು. ಎಂದೂ ಇಲ್ಲದ ಹಾಗೆ ಬುಗುರಿಯಂತೆ ತಿರುಗಿದಳು, ನಿಲ್ಲಿಸುವುದೇ ಕಷ್ಟವಾಯಿತು. ಮೇಲಿನಿಂದ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟಿದ. ಅಲ್ಲಿ ತಟ್ಟಬಾರದೆಂಬುದು ಅವನಿಗೆ ಗೊತ್ತಿರಲಿಲ್ಲ.

ಮೂರನೆಯದು ಅರ್ಧಚಂದ್ರಗಳು. ಒಂಟಿ ಕಾಲಲ್ಲಿ, ಹೊರಗಿನ ಅಂಚಿನ ಮೇಲೆ ವಾಲಿ, ಒಂದಾದ ಮೇಲೊಂದು ಅರ್ಧ ವೃತ್ತ ಬರೆಯುತ್ತಾ ಈ ಕೊನೆಯಿಂದ ಆ ಕೊನೆಗೆ ಹೋಗಬೇಕು. ವಾಲದೆ ವೃತ್ತವಿಲ್ಲ. ಮೊದಲನೆಯದಕ್ಕೆ ಅವಳು ಅಭ್ಯಾಸಬಲದಿಂದ ವಾಲಿಬಿಟ್ಟಳು. ಕಾಲ ಕೆಳಗೆ ಹಿಡಿದುಕೊಳ್ಳುವಂಥದು ಏನೂ ಇರಲಿಲ್ಲ. ಸೊಂಟ ಐಸಿಗೆ ಬಡಿದ ಸದ್ದು ಗ್ಯಾಲರಿಗೆಲ್ಲ ಕೇಳಿಸಿತು.

ಎದ್ದಳು. ಉಳಿದವನ್ನು ಹೇಗೋ ಮುಗಿಸಿದಳು. ಅರ್ಧಚಂದ್ರದ ಬದಲು ಓರೆಕೋರೆ ದಾರಿಯಾಯಿತು.

ಪರೀಕ್ಷಕರು ತಲೆ ಕೂಡಿಸಿದರು. ಮಾಡಿದ್ದರಲ್ಲಿ ಯಾವುದಾದರೂ ಒಂದನ್ನು ಮತ್ತೆ ಮಾಡಿ ತೋರಿಸು ಎಂದು ಕೇಳುವ ರೂಢಿ ಇಲ್ಲಿತ್ತು. ಪಾಸಾಗುವ ಭರವಸೆಯೇ ಇಲ್ಲದವರನ್ನು ಹಾಗೆ ಕೇಳುವುದಿಲ್ಲ. ಹಿರಿಯ ಪರೀಕ್ಷಕಿ ಕೈಯೆತ್ತಿ, "ಅರ್ಧಚಂದ್ರ, ಇನ್ನೊಂದು ಸಲ," ಎಂದರು.

ಅವಳು ಉಸಿರು ತೆಗೆದುಕೊಳ್ಳಲು ಗೋಡೆಯ ಕಡೆ ಬಂದಾಗ ಮೇಲಿನಿಂದ ಕೂಗು ಕೇಳಿಸಿತು. "ಭಯ ಬೇಡ ಕಣೇ! ಅಲಗನ್ನ ನಂಬಿ ಹೋಗು! ನಾನಿದೀನಿ!"

ಕೋಚ್ ಹುಡುಗಿ ಕಣ್ಣು ಮುಚ್ಚಿಕೊಂಡಳು. ಇವಳಿಗೋ ನಗು ಬಂತು. ಸೊಂಟ ನೋಯುವಷ್ಟು ನಗು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಹೊರಟಳು.

ವಾಲಲಿಲ್ಲ. ಭುಜವನ್ನು ಮಾತ್ರ ಸ್ವಲ್ಪ ತಿರುಗಿಸಿ, ಕಾಲಿಗೆ ಗೊತ್ತಾಗದ ಹಾಗೆ, ಮಲಗಿದ ಮಗುವಿನ ಕೆಳಗಿಂದ ಶೀಟು ಎಳೆದಷ್ಟು ಮೆಲ್ಲಗೆ ದಾರಿಯನ್ನು ಬಗ್ಗಿಸಿದಳು. ಒಂದು ಸಣ್ಣ ವೃತ್ತದ ತುಂಡು. ಕಾಲು ಬದಲಿಸಿದಳು. ಇನ್ನೊಂದು. ಅಲಗು ಕೆಳಗೆ ನೀರಿನ ಹಾಗೆ ಓಡುತ್ತಲೇ ಇತ್ತು, ಅವಳು ಅದನ್ನು ಪುಸಲಾಯಿಸುತ್ತಲೇ ಇದ್ದಳು. ಕೊನೆ ಮುಟ್ಟಿದಾಗ ತೊಡೆಗಳು ಥರಥರ ನಡುಗುತ್ತಿದ್ದವು. ಹಿಂತಿರುಗಿ ನೋಡಿದರೆ ಐಸಿನ ಮೇಲೆ ಗುರುತೇ ಇರಲಿಲ್ಲ.

ಹಿರಿಯ ಪರೀಕ್ಷಕಿ ಕಂಬಳಿ ತೆಗೆದಿಟ್ಟು ಬೆಂಚಿನ ತನಕ ತಾವೇ ಬಂದರು. ಅಷ್ಟರಲ್ಲಿ ಗಂಡ ಮತ್ತು ಮೇಷ್ಟ್ರು ಇಬ್ಬರೂ ಕೆಳಗಿಳಿದಿದ್ದರು.

"ಇವತ್ತು ಆಗಲಿಲ್ಲಮ್ಮ," ಎಂದರು ಪರೀಕ್ಷಕಿ. "ನಿಲುವು ಚೆನ್ನಾಗಿದೆ, ಧೈರ್ಯ ಇದೆ. ಅಂಚು ಮಾತ್ರ ಒಂದು ಕಡೆಯೂ ಹತ್ತಲಿಲ್ಲ. ಅಂಚಿಲ್ಲದೆ ಪಾಸ್ ಮಾಡೋಕ್ಕಾಗಲ್ಲ. ಮತ್ತೆ ಬನ್ನಿ."

"ಆಗಲಿ ಮೇಡಂ," ಎಂದಳು ಅವಳು. ಬಗ್ಗಿ ಲೇಸು ಬಿಚ್ಚತೊಡಗಿದಳು. ಬೆರಳುಗಳು ಮರಗಟ್ಟಿದ್ದವು, ಗಂಟು ಕೈಗೇ ಸಿಗುತ್ತಿರಲಿಲ್ಲ. ಕೋಚ್ ಹುಡುಗಿ ಬಂದು ಇನ್ನೊಂದು ಶೂವಿನ ಗಂಟು ಬಿಚ್ಚಿದಳು.

"ಅಂಚು ಅಂದ್ರೆ ಏನು ಸಾರ್?" ಗಂಡ ಮೇಷ್ಟ್ರನ್ನು ಕೇಳುತ್ತಿದ್ದ. "ಅಲಗು ಹರಿತ ಇದ್ರೆ ಅಂಚು ಇದ್ದಂಗೇ ಅಲ್ವಾ?"

"ಒಂದಲ್ಲಪ್ಪಾ, ಎರಡು." ಮೇಷ್ಟ್ರು ತರಗತಿಯ ದನಿ ತೆಗೆದು, ಚೀಲದಿಂದ ತಮ್ಮ ಶೂ ಎತ್ತಿ ತಲೆಕೆಳಗು ಮಾಡಿದರು. "ಇಲ್ಲಿ ನೋಡಿ. ಕೈಯಿಟ್ಟು ನೋಡಿ. ಇಲ್ಲೊಂದು, ಅಲ್ಲೊಂದು. ಮಧ್ಯೆ..."

ಅವಳು ತಲೆ ಎತ್ತಲಿಲ್ಲ. ಗಂಡನ ಉಗುರು ಆ ಅಲಗಿನ ಮೇಲೆ ಅಡ್ಡಡ್ಡ ಕೆರೆದು ನಿಂತದ್ದು ಕೇಳಿಸಿತು. ಆಮೇಲೆ, "ಇಲ್ಲಿ ಕೈ ತೊಳೆಯೋದು ಎಲ್ಲಿ ಸಾರ್?" ಎಂದ. "ಆ ಬಾಗಿಲು," ಎಂದರು ಮೇಷ್ಟ್ರು. "ಶೂ ಸ್ವಲ್ಪ ತಗೊಂಡು ಹೋಗ್ಲಾ?" "ಕೈ ತೊಳೆಯೋಕೆ ಶೂ ಯಾಕಪ್ಪಾ?" ಎಂದು ಮೇಷ್ಟ್ರು ನಕ್ಕರು, ಕೊಟ್ಟರು.

ಅವನು ಹಿಂತಿರುಗುವಷ್ಟರಲ್ಲಿ ಅವಳು ಮಾಮೂಲಿ ಚಪ್ಪಲಿ ಹಾಕಿಕೊಂಡು, ಸ್ವೆಟರಿನ ಮೇಲೆ ಶಾಲು ಹೊದ್ದು, ಕೋಚ್ ಹುಡುಗಿಗೆ "ನೋಡೋಣ" ಎಂದು ಹೇಳಿ ಮುಗಿಸಿದ್ದಳು. ಅವನು ಮೇಷ್ಟ್ರ ಶೂವನ್ನು ಹಳದಿ ಬಟ್ಟೆಯಲ್ಲಿ ಒರೆಸಿ ಹಿಂದಕ್ಕೆ ಕೊಟ್ಟ. ಬಟ್ಟೆಯನ್ನು ಅವಳ ಚೀಲಕ್ಕೆ ಹಾಕಿ, ಚೀಲವನ್ನು ತಾನೇ ಎತ್ತಿಕೊಂಡ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಬಾಯಿಗೆ ಬಿಡುವು ಕೊಡದೆ ಮಾತಾಡುವವನು ಇವತ್ತು ಕಿಟಕಿಯಾಚೆ ಅಂಗಡಿಗಳ ಬೋರ್ಡು ಓದುತ್ತಾ ಕೂತ. ಚೀಲ ಅವನ ತೊಡೆಯ ಮೇಲಿತ್ತು. ಅವಳು ಸೊಂಟ ನೋಯದ ಕಡೆಗೆ ಸರಿದು ಕೂತಳು. ನಾಳೆ ಮೊದಲ ಪಾಳಿ. ಹಿಟ್ಟು ಮುಗಿದಿದೆ. ಮಗಳು ಬಾಗಿಲಲ್ಲೇ ಕೇಳುತ್ತಾಳೆ, ವಿಡಿಯೋ ಎಲ್ಲಿ ಎಂದು.

"ನೋವಾಗ್ತಿದೆಯಾ?" ಎಂದ ಅವನು, ಕಿಟಕಿಯ ಕಡೆ ನೋಡುತ್ತಲೇ.

"ಸ್ವಲ್ಪ."

ಸೇತುವೆ ದಾಟುವಷ್ಟರಲ್ಲಿ ಅವನ ತಲೆ ಗಾಜಿಗೆ ಒರಗಿ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಬಸ್ಸು ತಿರುವಿನಲ್ಲಿ ಕುಲುಕಿದಾಗ ಚೀಲದ ಮೇಲೆ ಮುಚ್ಚಿಟ್ಟಿದ್ದ ಅವನ ಮುಷ್ಟಿ ಸಡಿಲವಾಗಿ ಬಿಚ್ಚಿಕೊಂಡಿತು.

ಅಂಗೈಯಲ್ಲಿ ಸೋಪಿನ ಒಂದು ತುಂಡು ಇತ್ತು. ರಿಂಕಿನ ಬಚ್ಚಲಿನ ಹಸಿರು ಸೋಪು. ಅದರ ಬೆನ್ನಿನ ಮೇಲೆ ಮೇಷ್ಟ್ರ ಶೂವಿನ ಅಲಗನ್ನು ಒತ್ತಿ ತೆಗೆದ ಗುರುತು: ಅಕ್ಕಪಕ್ಕ ಎರಡು ತೆಳು ಗೆರೆ, ನಡುವೆ ಉದ್ದಕ್ಕೂ ಸಣ್ಣದಾಗಿ ಉಬ್ಬಿ ನಿಂತ ದಿಣ್ಣೆ. ಅವನ ಕೈಯ ಬಿಸಿಗೆ ಒಂದು ಮೂಲೆ ಆಗಲೇ ಮೆತ್ತಗಾಗತೊಡಗಿತ್ತು.

ಅವಳು ಚೀಲದಿಂದ ಹಳದಿ ಬಟ್ಟೆ ತೆಗೆದಳು. ಅವನಿಗೆ ಎಚ್ಚರವಾಗದ ಹಾಗೆ, ಗೆರೆಗಳಿಗೆ ಬೆರಳು ತಾಗದ ಹಾಗೆ ಸೋಪನ್ನು ಎತ್ತಿ, ಅದರಲ್ಲಿ ಸುತ್ತಿ, ಶೂಗಳ ಪಕ್ಕದಲ್ಲಿಟ್ಟಳು.