ಒಂದೇಟು ಅಂತ ಬರಿ ಅಕ್ಕ

ಹಾಲು ಒಲೆಯ ಮೇಲಿತ್ತು. ತಂಗಿ ಹಿಂಬಾಗಿಲಿನಿಂದ ಬಂದಳು. ಕಿವಿಯಿಂದ ರಕ್ತ ಇಳಿದು ಭುಜ ನೆನೆದಿತ್ತು. ಕೂರಿಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ.

"ನಾಳೆ ಸ್ಟೇಷನ್‌ಗೆ ಹೊರರಾಜ್ಯದಿಂದ ಬಂದಿರೋ ಆಫೀಸರಮ್ಮ ದೂರು ತಗೋತಾರಂತೆ. ಅವರಿಗೆ ಇಂಗ್ಲಿಷ್ ಬಿಟ್ರೆ ಬೇರೆ ಓದೋಕೆ ಬರಲ್ಲ. ನೀನೇ ಬರ್ಕೊಡು."

ನಾನು ಮನೆಯಲ್ಲೇ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಗೋಡೆಯ ಹಲಗೆಯ ಮೇಲೆ ಬೆಳಗಿನ ಪಾಠ ಇನ್ನೂ ಅಳಿಸಿರಲಿಲ್ಲ: ಹಿಟ್, ಬೀಟ್. ನಾವು ಎರಡಕ್ಕೂ ಹೊಡೆಯುವುದು ಎಂದೇ ಹೇಳಿಬಿಡುತ್ತೇವೆ.

"ಯಾವುದು ಬರೀಲಿ? ಹಿಟ್ ಅಂದ್ರೆ ಒಂದೇಟು. ಬೀಟ್ ಅಂದ್ರೆ ಏಟಿನ ಮೇಲೆ ಏಟು."

"ಒಂದೇಟು ಅಂತ ಬರಿ ಅಕ್ಕ. ಇಲ್ಲಾಂದ್ರೆ ನಮ್ಮನೆಯವರನ್ನ ಜೈಲಿಗೆ ಹಾಕ್ತಾರೆ. ಕರೆಸಿ ಬೈದು ಕಳಿಸಿದ್ರೆ ಸಾಕು."

"ಬೆನ್ನೆಲ್ಲ ಕಪ್ಪುಗಟ್ಟಿದೆಯಲ್ಲೇ!"

"ಬರಿ ಅಂದ್ನಲ್ಲ."

ಹಲ್ಲು ಕಚ್ಚಿಕೊಂಡು ಹಿಟ್ ಎಂದೇ ಬರೆದೆ.

ಅಷ್ಟರಲ್ಲಿ ಅವಳ ಗಂಡ ಬಾಗಿಲು ಒದ್ದು ಒಳಗೆ ಬಂದ. ಕಾಗದ ಕಿತ್ತುಕೊಂಡು ಓದಿದ.

"ಪರವಾಗಿಲ್ಲ ಅತ್ತಿಗೆ, ಒಂದೇಟು ಅಂತ ಬರ್ದಿದೀರ. ದೊಡ್ಡ ಮನಸ್ಸು ನಿಮ್ದು. ಆದ್ರೆ ಬರೆಸೋಕೆ ಇವಳಿಗೆಷ್ಟು ಧೈರ್ಯ?"

ಹಾಗೆಂದವನೇ ಅವಳ ಜಡೆ ಕೈಗೆ ಸುತ್ತಿಕೊಂಡು ಮುಖವನ್ನು ಮೇಜಿಗೆ ಅಪ್ಪಳಿಸಿದ. ಬೆಲ್ಟ್ ಬಿಚ್ಚಿದ.

ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಒಂದೊಂದು ಗುಂಡಿಯನ್ನೂ ಬಾಯಿಬಿಟ್ಟು ಎಣಿಸುವುದು ಅಲ್ಲಿಯ ರೂಢಿ. ಈಗ ನೆಲದ ಮೇಲೆ ಮುದುಡಿಕೊಂಡು, ಬೆಲ್ಟ್ ಬಿದ್ದಂತೆಲ್ಲ ಅದೇ ದನಿಯಲ್ಲಿ "ಮೂರು... ನಾಲ್ಕು..." ಎನ್ನುತ್ತಿದ್ದಳು. ಅಡ್ಡ ಹೋದ ನನ್ನನ್ನು ಅವನು ಗೋಡೆಗೆ ತಳ್ಳಿದ. ಎಂಟು ಎನ್ನುವಾಗ ಅವಳ ಹಲ್ಲೊಂದು ನೆಲಕ್ಕೆ ಬಿತ್ತು. ಹಾಲು ಉಕ್ಕಿ ಒಲೆ ಆರಿತು.

"ಒಂಬತ್ತು."

ನಾನು ಕಬ್ಬಿಣದ ಬಾಣಲೆ ಎತ್ತಿ ಅವನ ತಲೆಗೆ ಬೀಸಿದೆ. ಮೂಳೆಗೆ ತಾಗಿದ ಸದ್ದು ಕೈಯವರೆಗೂ ಬಂತು. ಕುಸಿದುಬಿದ್ದ. ಬಗ್ಗಿ ನೋಡಿದೆ, ಉಸಿರಾಡುತ್ತಿದ್ದ. ಅವನ ಬೆಲ್ಟಿನಿಂದಲೇ ಕೈ ಬಿಗಿದು ಕಟ್ಟಿದೆ.

ತಂಗಿ ತೆವಳಿಕೊಂಡು ಹೋಗಿ ಕಾಗದ ಎತ್ತಿಕೊಂಡಳು. ಹಿಟ್ ಎಂಬುದರ ಮೇಲೆ ಗೀಟೆಳೆದಳು. ಹಲಗೆ ನೋಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬೀಟ್ ಎಂದು ಬರೆದಳು. ಪಕ್ಕದಲ್ಲೇ ಒಂಬತ್ತರ ಅಂಕಿ.

"ನೀನು ಹೊಡೆದಿದ್ದೂ ಬರಿ ಅಕ್ಕ, ಮುಚ್ಚಿಡೋದು ಬೇಡ," ಎಂದು ತುಟಿಯ ರಕ್ತ ಒರೆಸಿಕೊಂಡಳು. "ಅದು ಮಾತ್ರ ಹಿಟ್."