ಮನೆಯವರ ಅಂಗಿಗೆ ಲೇಬಲ್ ಯಾಕೆ?

ನಾಲ್ಕು ದಿನ ಸಾಲಾಗಿ ರಜೆ ಬಂತೆಂದರೆ ನಮ್ಮ ಬೀದಿಯ ಟೈಲರಣ್ಣನ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಸಲವೂ ಅವನ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದಿಳಿದಿದ್ದರು. ಎರಡನೆಯ ದಿನದಿಂದ ದೊಡ್ಡ ಮೈದಾನದಲ್ಲಿ ಮೆರವಣಿಗೆ, ಬ್ಯಾಂಡು, ಉಯ್ಯಾಲೆ. ಊರಿಗೆ ಊರೇ ಅಲ್ಲಿ ಸೇರುತ್ತದೆ.

ಟೈಲರಣ್ಣ ಒಂದು ಉಪಾಯ ಮಾಡಿದ್ದ. ಹಳದಿ ಚೌಕಳಿ ಬಟ್ಟೆಯ ಇಡೀ ಥಾನು ತಂದು ಮನೆಯ ಮೂರು ಮಕ್ಕಳಿಗೂ ಒಂದೇ ಥರದ ಅಂಗಿ ಹೊಲಿದಿದ್ದ. ಅವನ ಮಗಳಿಗೆ ನಾಲ್ಕು ವರ್ಷ. ದಿನಕ್ಕೊಮ್ಮೆ ಅಂಗಡಿಯ ಬಟನ್ ಡಬ್ಬಿ ಬೋರಲು ಹಾಕದಿದ್ದರೆ ಅವಳಿಗೆ ತಿಂದನ್ನ ಅರಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಬಟನ್ ಎಂದೇ ಕರೆಯುತ್ತಿದ್ದರು.

ಇವರು ಹೊರಡುವ ಹೊತ್ತಿಗೆ ಪಕ್ಕದ ಮನೆಯ ನರ್ಸಕ್ಕ ಆಸ್ಪತ್ರೆಗೆ ಹೋಗುತ್ತ ಬಾಗಿಲಲ್ಲಿ ನಿಂತಳು.

“ಮೈದಾನಕ್ಕಾ? ಮಕ್ಕಳ ಅಂಗಿ ಒಳಗೆ ಫೋನ್ ನಂಬರ್ ಇದೆಯಾ, ಟೈಲರಣ್ಣ?”

“ಗಿರಾಕಿಗಳ ಅಂಗಿಗೆಲ್ಲ ಅಂಗಡಿ ಲೇಬಲ್ ಹಾಕ್ತೀನಿ, ಅದರಲ್ಲಿ ನಂಬರ್ ಇರುತ್ತೆ. ಮನೆಯವರ ಅಂಗಿಗೆ ಲೇಬಲ್ ಯಾಕಕ್ಕ? ನಾವೇನು ಕಳೆದುಹೋಗೋ ಸಾಮಾನಾ?”

“ಹೋಗಲಿ, ಯಾವ ಮಗು ಯಾರ ಜವಾಬ್ದಾರಿ ಅಂತಾದ್ರೂ ಮಾತಾಡ್ಕೊಂಡಿದ್ದೀರಾ? ತಪ್ಪಿಸ್ಕೊಂಡ್ರೆ ಎಲ್ಲಿ ಸೇರೋದು?”

“ನಾಲ್ಕು ಜನ ದೊಡ್ಡೋರು, ಮೂರು ಮಕ್ಕಳು. ಲೆಕ್ಕ ನೀವೇ ಹಾಕಿ,” ಎಂದು ಟೈಲರಣ್ಣ ನಕ್ಕ. “ಅಲ್ಲದೆ ನನ್ನ ಕೈ ಹೊಲಿಗೆ. ಮೈಲಿ ದೂರದಿಂದ ಗುರುತು ಹಿಡೀತೀನಿ.”

“ರೀ, ಅವರು ಹೇಳೋದು ಕೇಳಿ. ಲೇಬಲ್ ಹಾಕೋದು ಎರಡು ನಿಮಿಷದ ಕೆಲಸ,” ಎಂದಳು ಹೆಂಡತಿ. ಅವನು ಆಗಲೇ ಚಪ್ಪಲಿ ಮೆಟ್ಟಿದ್ದ. ಟೈಲರಣ್ಣ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಮೈದಾನದಲ್ಲಿ ಸೂಜಿ ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಬ್ಯಾಂಡು ಹತ್ತಿರ ಬಂದಾಗ ಎಲ್ಲರೂ ಕತ್ತು ಉದ್ದ ಮಾಡಿದರು. ಬ್ಯಾಂಡು ದಾಟಿತು. ಹೆಂಡತಿ ತಿರುಗಿ ನೋಡಿ ಕೇಳಿದಳು, “ಬಟನ್ ಎಲ್ಲಿ?”

“ಅಕ್ಕನ ಜೊತೆ ಇದ್ದಳಲ್ಲ?”

“ನನ್ನ ಜೊತೆ ಎಲ್ಲಿ? ನಿನ್ನ ಭಾವ ಎತ್ಕೊಂಡಿದ್ರು,” ಎಂದಳು ಅಕ್ಕ.

“ನಾನು ಆಗಲೇ ಇಳಿಸಿದ್ನಲ್ಲ. ನೀನೇ ಕೈ ಹಿಡ್ಕೊಂಡೆ ಅಂದ್ಕೊಂಡೆ,” ಎಂದು ಭಾವ ಟೈಲರಣ್ಣನ ಮುಖ ನೋಡಿದ.

ಟೈಲರಣ್ಣನ ಜೀವ ಬಾಯಿಗೆ ಬಂತು. “ಹಳದಿ ಚೌಕಳಿ ಅಂಗಿ! ಹಳದಿ ಚೌಕಳಿ ನೋಡಿ!” ಎಂದು ಕೂಗುತ್ತ ಓಡಿದ. ಅಗೋ, ಅಲ್ಲೊಂದು ಹಳದಿ ಚೌಕಳಿ. ಅಲ್ಲ, ಬೇರೆ ಮಗು. ಉಯ್ಯಾಲೆಯ ಹತ್ತಿರ ಮೂರು, ಬಲೂನಿನವನ ಸುತ್ತ ಐದು. ಮೈದಾನದ ತುಂಬ ಅದೇ ಅಂಗಿ! ಯಾಕಿರುವುದಿಲ್ಲ? ಉಳಿದ ಥಾನಿನಲ್ಲಿ ಅರ್ಧ ಬೀದಿಯ ಮಕ್ಕಳಿಗೆ ಹೊಲಿದುಕೊಟ್ಟವನು ಅವನೇ ತಾನೇ? ಮೈಲಿ ದೂರದಿಂದ ಅವನು ಗುರುತು ಹಿಡಿದದ್ದೆಲ್ಲ ತನ್ನ ಹೊಲಿಗೆಯನ್ನೇ, ಮಗಳನ್ನಲ್ಲ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

“ಸಾರ್, ಸ್ವಯಂಸೇವಕರ ಡೇರೆಯಿಂದ ಮಾತಾಡ್ತಿರೋದು. ಹಳದಿ ಅಂಗಿ ಹಾಕ್ಕೊಂಡಿರೋ ಹೆಣ್ಣುಮಗು ಸಿಕ್ಕಿದೆ. ಕಾಲರಿನಲ್ಲಿ ನಿಮ್ಮ ನಂಬರ್ ಇದೆ.”

ಅವನು ಹೇಗೆ ಅಲ್ಲಿಗೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಬೆನ್ನು ತಿರುಗಿಸಿ ಕೂತಿದ್ದ ಮಗುವನ್ನು ಎತ್ತಿ ಅಪ್ಪಿಕೊಂಡ. ಮಗು ತಿರುಗಿ ನೋಡಿತು. ಅದೇ ಬೀದಿಯ ಬೇಕರಿಯವರ ಮಗಳು!

ಟೈಲರಣ್ಣ ಅದರ ಕಾಲರು ತಿರುಗಿಸಿ ನೋಡಿದ. ಗಿರಾಕಿಯ ಮಗುವಿನ ಕಾಲರಿನಲ್ಲಿ ತನ್ನ ನಂಬರು. ತನ್ನ ಮಗುವಿನ ಕಾಲರು ಖಾಲಿ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಮಗುವಿನ ಮುಂದೆಯೇ ಬಿಕ್ಕಿ ಅತ್ತುಬಿಟ್ಟ. ಅಳುತ್ತಲೇ ಬೇಕರಿಯವರಿಗೆ ಫೋನು ಮಾಡಿದ.

ಡೇರೆಯ ಹುಡುಗಿ ನೀರು ಕೊಟ್ಟು ಹೇಳಿದಳು, “ಸಾರ್, ಇದೇ ಬಟ್ಟೆಯ ಇನ್ನೊಂದು ಮಗು ಒಳಗಿದೆ. ಅದರ ಅಂಗೀಲಿ ಏನೂ ಇಲ್ಲ. ಆಗಿಂದ ಮೈಕಿನಲ್ಲಿ ಕೂಗ್ತಿದ್ದೀವಿ, ಬ್ಯಾಂಡಿನ ಗಲಾಟೇಲಿ ಯಾರಿಗೂ ಕೇಳಿಸ್ತಿಲ್ಲ. ಹೆಸರು ಕೇಳಿದ್ರೆ ಬಟನ್ ಅಂತಾಳೆ. ಅಪ್ಪನ ಹೆಸರು ಕೇಳಿದ್ರೆ ಅಪ್ಪ ಅಂತಾಳೆ. ಮನೆ ಎಲ್ಲಿ ಅಂದ್ರೆ ಮೆಷಿನ್ ಪಕ್ಕ ಅಂತಾಳೆ.”

ಪರದೆಯ ಹಿಂದೆ ಬಟನ್ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. “ಅಪ್ಪ, ನೀನು ಕಳೆದುಹೋಗಿದ್ಯಾ?” ಎಂದಳು. ಹೋದ ಜೀವ ಬಂದಂತಾಯಿತು.

ಮರುದಿನ ಬೆಳಿಗ್ಗೆ ನರ್ಸಕ್ಕ ಬಂದಾಗ ಟೈಲರಣ್ಣ ಮೆಷಿನ್ ಮುಂದೆ ಕೂತಿದ್ದ. ಮೂರು ಮಕ್ಕಳ ಅಂಗಿಗೂ ಲೇಬಲ್ ಬಿದ್ದಿತ್ತು.

“ನಿಮ್ಮ ಮಾತು ಕೇಳಬೇಕಾಗಿತ್ತು ಅಕ್ಕ,” ಎಂದ.

“ಈಗ ಕೇಳಿದ್ರಲ್ಲ, ಬಿಡಿ. ನಂಬರ್ ಒಳಗಡೆ ಇರಲಿ. ಮಗುವಿನ ಹೆಸರು ಹೊರಗೆ ಕಾಣೋ ಹಾಗೆ ಬರೀಬೇಡಿ, ಯಾರೋ ಓದಿ ಹೆಸರು ಹಿಡಿದು ಕರೆದ್ರೆ ಮಗು ನಂಬಿ ಹೋಗಿಬಿಡುತ್ತೆ. ಹೊರಡೋ ಮುಂಚೆ ಒಂದು ಫೋಟೋ ತೆಗೀರಿ. ಇವತ್ತು ಬಟನ್ ಯಾರ ಪಾಲು?”

“ನನ್ನ ಪಾಲು. ಸಂಜೆ ತನಕ ಈ ಕೈ ಬಿಡಲ್ಲ. ಬೇರೆಯವರಿಗೆ ಕೊಡೋದಾದ್ರೆ ಬಾಯಿಬಿಟ್ಟು ಹೇಳೇ ಕೊಡ್ತೀನಿ. ತಪ್ಪಿಸ್ಕೊಂಡ್ರೆ ಎಲ್ಲರೂ ಅದೇ ಡೇರೆಗೆ ಬರೋದು.”

“ನನ್ನ ಅಂಗಿಗೂ ಒಂದು ಲೇಬಲ್ ಹಾಕಪ್ಪ,” ಎಂದ ಭಾವ. ಎಲ್ಲರೂ ನಕ್ಕರು. ಟೈಲರಣ್ಣ ನಗದೆ ಅದಕ್ಕೂ ಹಾಕಿಯೇಬಿಟ್ಟ.

ಆ ದಿನವೂ ಅವರು ಮೈದಾನಕ್ಕೆ ಹೋದರು. ಯಾಕೆ ಹೋಗಬಾರದು? ರಜೆ ಇರುವುದು ಕೂಡಿ ನಲಿಯುವುದಕ್ಕೇ. ಉಯ್ಯಾಲೆಯವನ ಮುಂದೆ ಬಟನ್ ತನ್ನ ಕಾಲರನ್ನು ತಿರುಗಿಸಿ ತೋರಿಸಿದಳು. “ನೋಡು, ಇದರೊಳಗೆ ನಮ್ಮಪ್ಪ ಇದ್ದಾನೆ.”

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಗೂ ನೆಂಟರು ಬಂದಿರಬಹುದು, ಮಕ್ಕಳು ಆಗಲೇ ಬಾಗಿಲಲ್ಲಿ ಕುಣಿಯುತ್ತಿರಬಹುದು. ಹೊಲಿಗೆ ಬಾರದಿದ್ದರೆ ಒಂದು ಚೀಟಿ ಸಾಕು, ಒಂದು ಪಿನ್ನು ಸಾಕು, ಪೆನ್ನಿನಲ್ಲಿ ಮುಂಗೈ ಮೇಲೆ ಬರೆದರೂ ಸಾಕು. ಚಪ್ಪಲಿ ಮೆಟ್ಟುವ ಮೊದಲು ಮಗುವಿನ ಕಾಲರನ್ನು ಒಮ್ಮೆ ತಿರುಗಿಸಿ ನೋಡಿ. ಅದರೊಳಗೆ ನೀವಿದ್ದೀರಾ?