ಮುಳ್ಳು ಮಾವನ ಫ್ಯಾನು

ತಕ್ಕಡಿ ರಿಪೇರಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಮುಳ್ಳು ಮಾವ. ತಕ್ಕಡಿಯ ನಡುವೆ ನಿಲ್ಲುವ ಮುಳ್ಳೋ, ಕಾಲಿಗೆ ಚುಚ್ಚುವ ಮುಳ್ಳೋ, ಯಾರೂ ಬಿಡಿಸಿ ಹೇಳಿರಲಿಲ್ಲ. ಅವರು ಬಾಯಿ ತೆರೆದರೆ ಎದುರಿಗಿದ್ದವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಅವರ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಜನ: ತಾವು, ಮತ್ತು ದಡ್ಡರು. ಕಣ್ಣಿನ ಡಾಕ್ಟರು ದಡ್ಡ, ಮನೆ ಕಟ್ಟಿದ ಮೇಸ್ತ್ರಿ ದಡ್ಡ, ಹೆತ್ತ ಮಗನಂತೂ ದಡ್ಡರಿಗೆಲ್ಲ ಮುಖಂಡ. ಸೊಸೆಯ ವಿಷಯದಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ. ಬೈಯಲು ಏನೂ ಸಿಕ್ಕದೆ ಹೋದಾಗ ಮನುಷ್ಯ ಸುಮ್ಮನಿರುವುದೂ ಒಂದು ಗುಣವೆಂದು ಅವರು ತಿಳಿದಿದ್ದರು.

ಮನೆಯ ಕೆಳಗಿನ ಕೋಣೆ, ಅರ್ಧ ನೆಲದೊಳಗೆ ಹುದುಗಿದ್ದು, ಅದೇ ಅವರ ಕಾರ್ಖಾನೆ. ಎರಡು ಮೇಜು, ಒಂದು ಕಿಟಕಿ, ಕೈ ಎತ್ತಿದರೆ ಬೆರಳಿಗೆ ತಾಗುವ ಸೂರು. ತೂಕದ ಕಲ್ಲು ಒರೆಸಲು ಬಂದು ಕೂತ ಸೊಸೆ ಹನ್ನೊಂದು ವರ್ಷದಲ್ಲಿ ಪೂರ್ತಿ ಕಸುಬು ಕಲಿತಿದ್ದಳು. ಮಾವನ ಕಣ್ಣು ಮಂಜಾದ ಮೇಲೆ ಚಿನ್ನದ ತಕ್ಕಡಿ, ಔಷಧಿ ತಕ್ಕಡಿ, ಸೂಕ್ಷ್ಮದ ಕೆಲಸವೆಲ್ಲ ಅವಳ ಮೇಜಿಗೇ ಹೋಗುತ್ತಿತ್ತು. ಅದನ್ನು ಮಾವ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ತಕ್ಕಡಿಯನ್ನು ಅವಳ ಕಡೆ ತಳ್ಳುತ್ತಿದ್ದರು, ಅಷ್ಟೇ.

ಆ ಬುಧವಾರ ಊಟಕ್ಕೆ ಕೂತಾಗ ಮಗ ಸುದ್ದಿ ಹೇಳಿದ. ಪ್ರಯೋಗಾಲಯಗಳಿಗೆ ತಕ್ಕಡಿ ಮಾರುವ ದೊಡ್ಡ ಅಂಗಡಿಯವರು ಇವಳನ್ನು ಕೆಲಸಕ್ಕೆ ಕರೆದಿದ್ದಾರೆ, ಏಸಿ ಕೋಣೆಯಂತೆ, ಸೋಮವಾರದೊಳಗೆ ಉತ್ತರ ಹೇಳಬೇಕಂತೆ.

ಅವಳು ಹೋದರೆ ಕೆಳಗಿನ ಕೋಣೆಗೆ ತಿಂಗಳೊಪ್ಪತ್ತಿನಲ್ಲಿ ಬೀಗ ಬೀಳುತ್ತದೆಂದು ಮಾವನಿಗೆ ಗೊತ್ತಿತ್ತು. ಬೀಗ ಹಾಳಾಗಿ ಹೋಗಲಿ, ಆ ಪಕ್ಕದ ಮೇಜು ಖಾಲಿ ಇರುವುದನ್ನು ನೆನೆಸಿಕೊಂಡೇ ತಟ್ಟೆ ಪಕ್ಕಕ್ಕೆ ಸರಿಸಿದರು. 'ಹೋಗಬೇಡಮ್ಮ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಂಥ ಮಾತಿಗೆ ಅವರ ನಾಲಿಗೆ ಪಳಗಿರಲಿಲ್ಲ.

"ಏಸಿನಾ? ಹಣ್ಣು ತರಕಾರಿ ಇಡೋದು ಏಸೀಲಿ," ಎಂದರು. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಎದ್ದಾಗ ಅವರಿಗೆ ಕಾರಣ ಹೊಳೆದಿತ್ತು. ಸೆಕೆ! ಪಾಪದ ಹುಡುಗಿಗೆ ಕೆಳಗೆ ಸೆಕೆ. ಒಂದು ಫ್ಯಾನು ಹಾಕಿದರೆ ಎಲ್ಲ ಸರಿಹೋಗುತ್ತದೆ.

ಫ್ಯಾನಿನ ಅಂಗಡಿಯವನು ಒಳ್ಳೆಯ ಮಾತನ್ನೇ ಹೇಳಿದ. "ತಗ್ಗು ಸೂರಿಗೆ ಅಂತಲೇ ಗಿಡ್ಡ ಫ್ಯಾನು ಬರುತ್ತೆ ಮಾವ. ಬೇಡ ಅಂದ್ರೆ ಗೋಡೆಗೆ ಹಾಕೋದು ತಗೊಳ್ಳಿ."

"ಗೋಡೆ ಫ್ಯಾನಾ? ದಿನವೆಲ್ಲ ತಲೆ ಅಲ್ಲಾಡಿಸ್ತಾ ನಿಂತಿರೋದಕ್ಕೆ ಮನೇಲಿ ಮಗ ಇದ್ದಾನೆ," ಎಂದು ಮಾವ ಮೂಗು ಮುರಿದು ಬಂದರು. ಬಂದವರೇ ನಡುಮನೆಯ ಹಳೆಯ ಫ್ಯಾನನ್ನು ಇಳಿಸಿದರು.

ಕೆಲಸದಲ್ಲಿ ಅವರು ಕಳ್ಳರಲ್ಲ, ಅದನ್ನು ಒಪ್ಪಲೇಬೇಕು. ಒಂದಡಿಯ ರಾಡನ್ನು ಮೂರು ಅಂಗುಲಕ್ಕೆ ಕೊಯ್ದು, ಹೊಸ ತೂತು ಕೊರೆದು, ಬೋಲ್ಟು ಹಾಕಿ, ಬೋಲ್ಟು ಕಳಚದ ಹಾಗೆ ಪಿನ್ನನ್ನೂ ಮಡಚಿದರು. ಎತ್ತರವೇನೋ ಸರಿಹೋಯಿತು. ಆದರೆ ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಸಾಮಾನಿನ ಹಲಗೆ, ನಡುವೆ ಉದ್ದ ರೆಕ್ಕೆಗಳು ತಿರುಗುವಷ್ಟು ಜಾಗವಿಲ್ಲ. ರೆಕ್ಕೆಗಳನ್ನೂ ಮೊಟಕು ಮಾಡಬೇಕಾಯಿತು.

"ಅಪ್ಪ, ಗಾಳಿಗೆ ತಕ್ಕಡಿ ಅಲ್ಲಾಡಲ್ವಾ?" ಎಂದ ಏಣಿ ಹಿಡಿದಿದ್ದ ಮಗ.

"ಗುಂಡಿ ಯಾಕಿದೆ ಗೋಡೇಲಿ? ತೂಗೋವಾಗ ಆರಿಸೋಕಲ್ದೆ ನಿನ್ನ ಅಂಗಿಗೆ ಹೊಲಿಯೋಕಾ?"

ಸೊಸೆ ತನ್ನ ಮೇಜಿನಿಂದ ತಲೆಯೆತ್ತಿದಳು. "ಮಾವ, ಮೂರು ರೆಕ್ಕೇನೂ ಒಂದ್ಸಲ ಅಳತೆ ಹಿಡಿದು ನೋಡಿ. ಒಂದನ್ನ ಯಾವಾಗಲೋ ಬದಲಾಯಿಸಿದ ಹಾಗಿದೆ, ತಗಡು ತೆಳು."

"ಅಳತೆ ಹಿಡಿಯೋದು ಬಟ್ಟೆ ಅಂಗಡಿಯವರ ಕಸುಬು," ಎಂದರು ಮಾವ. "ನಲವತ್ತು ವರ್ಷ ತೂಕದಲ್ಲಿ ಬೆಳೆದವನು ನಾನು."

ತೂಗಿಯೇ ಕತ್ತರಿಸಿದರು. ಒಂದೊಂದು ರೆಕ್ಕೆಯನ್ನೂ ತಕ್ಕಡಿಗಿಟ್ಟು, ಚೂರು ಚೂರೇ ಕೊಯ್ದು, ಅರದಿಂದ ಉಜ್ಜಿ, ಮೂರನ್ನೂ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಒಂದೇ ತೂಕಕ್ಕೆ ತಂದರು. ಶನಿವಾರ ಮಧ್ಯಾಹ್ನ ಫ್ಯಾನು ಸೂರಿಗೇರಿತು. ಮಾವ ಗುಂಡಿ ಒತ್ತಿ ಸೊಸೆಯ ಕಡೆ ನೋಡಿದರು.

ಫ್ಯಾನು ಮೊದಲು ತೂಗಾಡಿತು, ಆಮೇಲೆ ಕುಡಿದವನ ಹಾಗೆ ತೂರಾಡತೊಡಗಿತು. ಸೂರಿನಿಂದ ಸುಣ್ಣ ಉದುರಿತು. ಹಲಗೆಯ ಮೇಲಿದ್ದ ಡಬ್ಬಿಗಳು ಕಟಕಟ ಎಂದವು. ಮಗ ಹೋಗಿ ಗುಂಡಿ ಆರಿಸಿದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಮಾವ ಸೂರೇ ಡೊಂಕು ಎಂದರು. ಮೇಸ್ತ್ರಿಯ ವಂಶವನ್ನು ಬೈದರು. ಫ್ಯಾನು ಮಾಡಿದವರನ್ನು ಬೈದರು. ಏಣಿ ಅಲ್ಲಾಡಿಸಿ ಸೂರಿನ ಕೊಕ್ಕೆಯನ್ನೇ ಕೆಡಿಸಿದನೆಂದು ಮಗನನ್ನು ಬೈದರು. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿದರೂ ಫ್ಯಾನು ತನ್ನ ಹಟ ಬಿಡಲಿಲ್ಲ. ಐದನೆಯ ಸಲ ಬಿಚ್ಚಿದ ರೆಕ್ಕೆಗಳನ್ನು ಅವರು ಮತ್ತೆ ಕಟ್ಟಲಿಲ್ಲ. ಏಣಿಯಿಂದ ಇಳಿದವರು ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.

ಸೊಸೆ ಎದ್ದು ಬಂದು ಮೂರು ರೆಕ್ಕೆಗಳನ್ನೂ ಬುಡ ಜೋಡಿಸಿ ನೆಲದ ಮೇಲೆ ಒಂದರ ಪಕ್ಕ ಒಂದು ಮಲಗಿಸಿದಳು. ತೆಳು ತಗಡಿನದು ಉಳಿದೆರಡಕ್ಕಿಂತ ಎರಡು ಬೆರಳು ಉದ್ದ ಇತ್ತು. ತೂಕ ಸರಿಮಾಡುವ ಭರದಲ್ಲಿ ಮಾವ ಅದನ್ನು ಕಡಿಮೆ ಕೊಯ್ದಿದ್ದರು.

"ತೂಕ ಸರಿ ಇದೆ ಮಾವ," ಎಂದಳು. "ತೋಳು ಸರಿ ಇಲ್ಲ."

ತಕ್ಕಡಿಯ ಕಸುಬಿನಲ್ಲಿ ಅದು ಮೊದಲನೆಯ ಪಾಠ. ತೋಳೊಂದು ಉದ್ದವಾದರೆ ಎರಡೂ ಕಡೆ ಒಂದೇ ತೂಕವಿಟ್ಟರೂ ಮುಳ್ಳು ಆ ಕಡೆಗೇ ವಾಲುತ್ತದೆ. ಹನ್ನೊಂದು ವರ್ಷದ ಹಿಂದೆ ಅದನ್ನು ಅವಳಿಗೆ ಹೇಳಿಕೊಟ್ಟವರು ಇದೇ ಮುಳ್ಳು ಮಾವ.

ಅವಳು ಮೂರನ್ನೂ ಒಂದೇ ಉದ್ದಕ್ಕೆ ಕತ್ತರಿಸಿದಳು. ತೆಳುವಾದದ್ದರ ಬೆನ್ನಿಗೆ ತೂಕ ಸರಿಯಾಗುವಷ್ಟು ಸೀಸದ ಚೂರುಗಳನ್ನು ಇಟ್ಟು, ಚಾಕುವಿನ ಅಲಗಿನ ಮೇಲೆ ಒಂದೊಂದು ರೆಕ್ಕೆಯನ್ನೂ ನಿಲ್ಲಿಸಿ ನೋಡಿ, ಮೂರೂ ಒಂದೇ ಜಾಗದಲ್ಲಿ ಸಮ ನಿಲ್ಲುವವರೆಗೆ ಚೂರುಗಳನ್ನು ಸರಿಸಿ, ಗಟ್ಟಿಯಾಗಿ ರಿವೆಟ್ಟು ಹೊಡೆದಳು. ಸಂಜೆಯ ಹೊತ್ತಿಗೆ ಫ್ಯಾನು ತಿರುಗಿತು. ಸದ್ದಿಲ್ಲ, ನಡುಕವಿಲ್ಲ. ಕೋಣೆಗೆ ಮೊದಲ ಬಾರಿ ಗಾಳಿ ಬಂತು. ಮಗ ಏಣಿ ಎತ್ತಿಕೊಂಡು ಮೇಲೆ ಹೋದ.

"ನಾನು ಹೇಳಿಕೊಟ್ಟಿದ್ದೇ ತಾನೆ," ಎಂದರು ಮಾವ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

"ಹೌದು ಮಾವ, ನೀವೇ ಹೇಳಿಕೊಟ್ಟಿದ್ದು." ಅವಳು ಕೈ ಒರೆಸಿಕೊಂಡಳು. "ಆ ಅಂಗಡಿಯವರಿಗೆ ಬರ್ತೀನಿ ಅಂತ ಹೇಳಿಬಿಟ್ಟೆ. ಸೋಮವಾರದಿಂದ ಹೋಗ್ತೀನಿ."

ಮಾವ ತಲೆಯೆತ್ತಿ ಫ್ಯಾನನ್ನು ನೋಡಿದರು. "ಈಗ ಗಾಳಿ ಬರ್ತಾ ಇದೆಯಲ್ಲ!"

"ಸೆಕೆಗೆ ಹೊರಟಿದ್ದೀನಿ ಅಂದ್ಕೊಂಡ್ರಾ?"

ಏನಾದರೂ ಹೇಳಲೇಬೇಕಿತ್ತು, ಮತ್ತು ಅವರಿಗೆ ಬರುತ್ತಿದ್ದುದು ಒಂದೇ ವಿದ್ಯೆ. "ಆ ಅಂಗಡಿಯವರು ಶುದ್ಧ ದಡ್ಡರು. ಪೆಟ್ಟಿಗೆ ಮಾರೋ ಜನ. ನಿನ್ನ ಕೈಕೆಲಸದ ಬೆಲೆ ಅವರಿಗೇನು ಗೊತ್ತು?"

ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ, ಅದೂ ಇನ್ನೊಬ್ಬರಿಗೆ ಬೈಗುಳದ ವೇಷ ಹಾಕಿಕೊಂಡು ಬಂತು. ಸೊಸೆ ಅವರ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ ಮಾವ?"

"ಗೊತ್ತಿಲ್ದೆ ಏನು? ಮೊದಲನೇ ವರ್ಷವೇ ಗೊತ್ತಾಯ್ತು. ನನಗಿಂತ ನಿನ್ನ ಕೈ ಸೂಕ್ಷ್ಮ." ಹೇಳಿಬಿಟ್ಟ ಮೇಲೆ ಅವರಿಗೆ ಹಗುರವೆನಿಸಿತು. ಇನ್ನು ಇವಳು ಉಳಿದುಕೊಳ್ಳುತ್ತಾಳೆ ಎಂದೇ ನಂಬಿದರು.

"ಹೋದ ತಿಂಗಳು ಚಿನ್ನದ ಅಂಗಡಿಯವರು ಬಂದು, ಎಂಥಾ ಕೆಲಸ ಮಾಡಿದ್ದೀರಿ ಅಂತ ನಿಮ್ಮ ಕೈ ಹಿಡ್ಕೊಂಡ್ರು. ನಾನು ಇಲ್ಲೇ ಕೂತಿದ್ದೆ. ನೀವು ನಗ್ತಾ ಕೈ ಕೊಟ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿಲ್ಲ ಅಂದಿದ್ರೆ ಬೇಜಾರಾಗ್ತಿರಲಿಲ್ಲ ಮಾವ. ಗೊತ್ತಿದ್ದೂ ಕಮ್ಮಿ ತೂಗಿದ್ರಿ."

ಮಾವ ಬಾಯಿ ತೆರೆದರು. ದಡ್ಡ ಎನ್ನಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ತನ್ನ ಮೇಜಿನ ಚಾಕು, ಅರ, ಚಿಮ್ಮಟಗಳನ್ನು ಒರೆಸಿ, ಒಂದೊಂದಾಗಿ ತಂದು ಅವರ ಮೇಜಿನ ಮೇಲಿಟ್ಟಳು, ಆಮೇಲೆ ಮೆಟ್ಟಿಲು ಹತ್ತಿ ಹೋದಳು.